ಕಾರ್ಡಿನ ಮೂಲಕ ಹಣ ಸ್ವೀಕಾರ: ಸಣ್ಣ ವರ್ತಕರು ಶುಲ್ಕ ತಗ್ಗಿಸಿಕೊಳ್ಳುವ ಬಗೆ

ನೂರು ರೂಪಾಯಿಯ ಸರಕನ್ನು ನಗದಿಗೆ ಮಾರಿದ ವರ್ತಕನ ಗಲ್ಲಾಪೆಟ್ಟಿಗೆಗೆ ನೂರು ರೂಪಾಯಿ ಬಂದು ಬೀಳುತ್ತದೆ. ಅದೇ ಸರಕನ್ನು ಕಾರ್ಡಿಗೆ ಮಾರಿದಾಗ ಆತನ ಬ್ಯಾಂಕ್ ಖಾತೆಗೆ ಜಮೆಯಾಗುವುದು ಕೆಲವೊಮ್ಮೆ ತೊಂಬತ್ತೆಂಟು ರೂಪಾಯಿ ಮಾತ್ರ. ಮುರಿದುಕೊಂಡ ಎರಡು ರೂಪಾಯಿ ಮಾರಾಟದ ಮೊತ್ತದ ಮುಂದೆ ಅಲ್ಪವಾಗಿ ತೋರುತ್ತದೆ. ಆದುದರಿಂದಲೇ ಅದು ಕಣ್ಣಿಗೆ ಬೀಳುವುದಿಲ್ಲ. ಆದರೆ ವರ್ತಕನ ಸಂಸಾರ ನಡೆಯುವುದು ಮಾರಾಟದಲ್ಲಿ ಉಳಿಯುವ ಲಾಭದಿಂದ. ದಿನಸಿ ಅಂಗಡಿಯಲ್ಲಿ ನೂರಕ್ಕೆ ಎಂಟು ರೂಪಾಯಿ ಲಾಭ ಉಳಿಯುತ್ತದೆಂದು ಭಾವಿಸೋಣ. ಎರಡು ರೂಪಾಯಿ ಶುಲ್ಕವು ಆ ಲಾಭದ ಕಾಲುಭಾಗವನ್ನೇ ನುಂಗುತ್ತದೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಉಪಾಹಾರ ಗೃಹ, ದಿನಸಿ ಅಂಗಡಿ, ಔಷಧಿ ಅಂಗಡಿ, ಹೊಲಿಗೆಯ ಅಂಗಡಿ ನಡೆಸುವವರು ಅನೇಕರಿದ್ದಾರೆ. ಗ್ರಾಹಕರ ಒತ್ತಾಯಕ್ಕಾಗಿ ಕಾರ್ಡು ಉಜ್ಜುವ ಯಂತ್ರವನ್ನು ತಂದಿಟ್ಟುಕೊಂಡ ಇವರಲ್ಲಿ ಬಹುಮಂದಿ ಬ್ಯಾಂಕು ಎಷ್ಟು ಮುರಿದುಕೊಳ್ಳುತ್ತಿದೆ, ಯಾವ ಲೆಕ್ಕದಲ್ಲಿ ಮುರಿದುಕೊಳ್ಳುತ್ತಿದೆ ಎಂಬುದನ್ನು ವಿಚಾರಿಸುವುದಿಲ್ಲ. ಸಣ್ಣ ವರ್ತಕರ ಹೊರೆಯನ್ನು ಇಳಿಸುವುದಕ್ಕಾಗಿ ಕಳೆದ ಕೆಲವು ವರ್ಷಗಳಲ್ಲಿ ಸರ್ಕಾರವೂ ಭಾರತೀಯ ರಿಸರ್ವ್ ಬ್ಯಾಂಕೂ ಹಲವು ಕ್ರಮಗಳನ್ನು ಕೈಗೊಂಡಿವೆ. ಈ ರಿಯಾಯಿತಿಗಳೆಲ್ಲವೂ ತಾವಾಗಿಯೇ ವರ್ತಕನ ಖಾತೆಗೆ ಬಂದು ಸೇರುವುದಿಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಬ್ಯಾಂಕಿನ ದಾಖಲೆಯಲ್ಲಿ ನಿಮ್ಮ ಅಂಗಡಿ ಯಾವ ವರ್ಗದಲ್ಲಿದೆ, ಗ್ರಾಹಕನು ಯಾವ ಬಗೆಯ ಕಾರ್ಡನ್ನು ನೀಡುತ್ತಾನೆ, ಒಪ್ಪಂದದಲ್ಲಿ ಯಾವ ಯಾವ ಬಾಡಿಗೆಗಳಿಗೆ ನೀವು ಸಹಿ ಹಾಕಿದ್ದೀರಿ ಎಂಬ ಮೂರು ಸಂಗತಿಗಳ ಮೇಲೆ ಅವು ನಿಂತಿವೆ.

ಶುಲ್ಕವು ಯಾರಿಗೆ ಸೇರುತ್ತದೆ?

ಈ ಶುಲ್ಕಕ್ಕೆ ಬ್ಯಾಂಕುಗಳ ಭಾಷೆಯಲ್ಲಿ ಮರ್ಚೆಂಟ್ ಡಿಸ್ಕೌಂಟ್ ರೇಟ್, ಹ್ರಸ್ವವಾಗಿ ಎಂ.ಡಿ.ಆರ್. ಎಂದು ಹೆಸರು. ಹುಂಡಿಯ ವ್ಯವಹಾರವನ್ನು ಬಲ್ಲ ಹಿರಿಯ ವರ್ತಕರಿಗೆ ಇದು ಹೊಸದೇನೂ ಅಲ್ಲ. ಹುಂಡಿಯನ್ನು ಕೊಂಡು ಹಣ ಕೊಡುವ ಸಾಹುಕಾರನು ಹಿಡಿಯುತ್ತಿದ್ದ ವಟಾವಿನ ಜಾತಿಗೇ ಸೇರಿದುದು. ವ್ಯತ್ಯಾಸವೆಂದರೆ ಹುಂಡಿಯ ವಟಾವು ಒಬ್ಬನಿಗೆ ಹೋಗುತ್ತಿತ್ತು. ಕಾರ್ಡಿನ ವಟಾವು ಮೂವರಲ್ಲಿ ಹಂಚಿಕೆಯಾಗುತ್ತದೆ. ಗ್ರಾಹಕನಿಗೆ ಕಾರ್ಡು ಕೊಟ್ಟ ಬ್ಯಾಂಕು ಮೊದಲನೆಯದು. ಎರಡು ಬ್ಯಾಂಕುಗಳ ನಡುವೆ ಸಂದೇಶವನ್ನು ಸಾಗಿಸುವ ಕಾರ್ಡ್ ಜಾಲ, ಅಂದರೆ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ನಮ್ಮ ದೇಶದ ರುಪೇ, ಎರಡನೆಯದು. ವರ್ತಕನಿಗೆ ಯಂತ್ರವನ್ನು ಕೊಟ್ಟು ಆತನ ಖಾತೆಗೆ ಹಣ ತುಂಬುವ ಬ್ಯಾಂಕು ಮೂರನೆಯದು. ಈಗೀಗ ಈ ಮೂರನೆಯವನ ಸ್ಥಾನದಲ್ಲಿ ಪಾವತಿ ಸಂಗ್ರಾಹಕ ಸಂಸ್ಥೆಗಳು, ಅಂದರೆ ಪೇಮೆಂಟ್ ಅಗ್ರಿಗೇಟರುಗಳು, ನಿಂತಿರುವುದೂ ಉಂಟು.

ಕ್ರೆಡಿಟ್ ಕಾರ್ಡಿನ ಶುಲ್ಕದಲ್ಲಿ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ ಸಲ್ಲುತ್ತದೆ. ಗ್ರಾಹಕನಿಗೆ ಕೆಲವು ವಾರಗಳ ಕಾಲ ಬಡ್ಡಿಯಿಲ್ಲದೆ ಸಾಲ ಕೊಡುವುದು, ಆತನು ಮರುಪಾವತಿ ಮಾಡದಿದ್ದರೆ ನಷ್ಟವನ್ನು ಹೊರುವುದು, ಪ್ರತಿ ಖರೀದಿಗೂ ಬಹುಮಾನದ ಅಂಕಗಳನ್ನು ಕೊಡುವುದು ಇವೆಲ್ಲಕ್ಕೂ ಅದು ಆ ಪಾಲನ್ನು ಬಳಸುತ್ತದೆ. ಗ್ರಾಹಕನು ಸಂತೋಷಪಡುವ ಆ ಅಂಕಗಳಿಗೆ ಹಣ ತೆರುವವನು ಒಂದರ್ಥದಲ್ಲಿ ಅಂಗಡಿಯವನೇ. ಡೆಬಿಟ್ ಕಾರ್ಡಿನಲ್ಲಿ ಸಾಲದ ಮಾತಿಲ್ಲ. ಗ್ರಾಹಕನ ಸ್ವಂತ ಠೇವಣಿಯಿಂದ ಹಣ ಹೋಗುತ್ತದೆ. ಆದುದರಿಂದಲೇ ಅದರ ಶುಲ್ಕ ಕಡಿಮೆ. ವಿದೇಶದಲ್ಲಿ ಕೊಟ್ಟ ಕಾರ್ಡು, ಕಂಪೆನಿಗಳು ತಮ್ಮ ನೌಕರರಿಗೆ ಕೊಡಿಸುವ ಕಾರ್ಡು ಇವುಗಳಿಗೆ ಸಾಮಾನ್ಯ ಕ್ರೆಡಿಟ್ ಕಾರ್ಡಿಗಿಂತಲೂ ಹೆಚ್ಚಿನ ದರವಿರುವುದು ವಾಡಿಕೆ.

ಈ ಹಂಚಿಕೆಯನ್ನು ತಿಳಿಯುವುದರಿಂದ ಒಂದು ಪ್ರಯೋಜನವುಂಟು. ಮೊದಲ ಎರಡು ಪಾಲುಗಳನ್ನು ಸಣ್ಣ ಅಂಗಡಿಯವನು ಚೌಕಾಸಿ ಮಾಡಿ ಇಳಿಸಲಾರನು. ಆತನ ಬ್ಯಾಂಕೂ ಇಳಿಸಲಾರದು. ಚೌಕಾಸಿಗೆ ಎಡೆಯಿರುವುದು ಮೂರನೆಯ ಪಾಲಿನಲ್ಲಿ ಮಾತ್ರ. ತಿಂಗಳಿಗೆ ಕೆಲವು ಸಾವಿರಗಳಷ್ಟು ಕಾರ್ಡಿನ ವ್ಯಾಪಾರ ಮಾಡುವವನು ಶೇಕಡಾ 2ರ ದರವನ್ನು 1.8ಕ್ಕೆ ಇಳಿಸಿಕೊಂಡರೆ ಅದೇ ದೊಡ್ಡ ಗೆಲುವು. ಹೆಚ್ಚಿನ ಉಳಿತಾಯವಿರುವುದು ಬೇರೆಡೆಯಲ್ಲಿ.

ಡೆಬಿಟ್ ಕಾರ್ಡಿಗೆ ಹಾಕಿರುವ ಮಿತಿ

ಕ್ರೆಡಿಟ್ ಕಾರ್ಡಿನ ಶುಲ್ಕಕ್ಕೆ ರಿಸರ್ವ್ ಬ್ಯಾಂಕು ಮೇಲ್ಮಿತಿಯನ್ನು ವಿಧಿಸಿಲ್ಲ. ಅದು ಬ್ಯಾಂಕು ಮತ್ತು ವರ್ತಕರ ನಡುವಣ ಒಪ್ಪಂದಕ್ಕೆ ಬಿಟ್ಟ ವಿಷಯ. ಡೆಬಿಟ್ ಕಾರ್ಡಿನ ವಿಷಯ ಹಾಗಲ್ಲ. 2012ರಲ್ಲಿ ಮೊದಲ ಬಾರಿಗೆ ರಿಸರ್ವ್ ಬ್ಯಾಂಕು ಅದಕ್ಕೆ ಮಿತಿ ಹಾಕಿತು: 2,000 ರೂಪಾಯಿಯವರೆಗಿನ ವ್ಯವಹಾರಕ್ಕೆ ಶೇಕಡಾ 0.75, ಅದಕ್ಕೆ ಮೇಲ್ಪಟ್ಟುದಕ್ಕೆ ಶೇಕಡಾ 1. ಆಗ ಲೆಕ್ಕಕ್ಕೆ ಬರುತ್ತಿದ್ದುದು ಬಿಲ್ಲಿನ ಗಾತ್ರ. ದೊಡ್ಡ ಮಳಿಗೆಯಲ್ಲಿ ಕೊಂಡ ಸಣ್ಣ ವಸ್ತುವಿಗೂ ಬೀದಿಯ ಅಂಗಡಿಯಲ್ಲಿ ಕೊಂಡ ಸಣ್ಣ ವಸ್ತುವಿಗೂ ಒಂದೇ ದರವಿತ್ತು.

2017ರ ಡಿಸೆಂಬರ್ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಈ ಪದ್ಧತಿಯನ್ನೇ ಬದಲಿಸಲಾಯಿತು. 2018ರ ಜನವರಿ 1ರಿಂದ ಬಿಲ್ಲಿನ ಗಾತ್ರದ ಬದಲು ವರ್ತಕನ ಗಾತ್ರವು ಆಧಾರವಾಯಿತು. ಹಿಂದಿನ ಹಣಕಾಸು ವರ್ಷದಲ್ಲಿ 20 ಲಕ್ಷ ರೂಪಾಯಿಯವರೆಗೆ ವಹಿವಾಟು ನಡೆಸಿದವನು ಸಣ್ಣ ವರ್ತಕ. ಆತನಿಂದ ಡೆಬಿಟ್ ಕಾರ್ಡಿನ ವ್ಯವಹಾರಕ್ಕೆ ಶೇಕಡಾ 0.40ಕ್ಕಿಂತ ಹೆಚ್ಚು ಶುಲ್ಕವನ್ನು ಪಡೆಯುವಂತಿಲ್ಲ. ಒಂದು ವ್ಯವಹಾರಕ್ಕೆ 200 ರೂಪಾಯಿಯನ್ನು ಮೀರುವಂತಿಲ್ಲ. ಕ್ಯೂ.ಆರ್. ಸಂಕೇತದ ಮೂಲಕ ಡೆಬಿಟ್ ಕಾರ್ಡಿನ ಹಣ ಬಂದರೆ ಮಿತಿಯು ಶೇಕಡಾ 0.30. ವಹಿವಾಟು 20 ಲಕ್ಷವನ್ನು ದಾಟಿದ ವರ್ತಕನಿಗಾದರೆ ಯಂತ್ರದಲ್ಲಿ ಶೇಕಡಾ 0.90, ಕ್ಯೂ.ಆರ್. ಮೂಲಕ ಶೇಕಡಾ 0.80, ವ್ಯವಹಾರವೊಂದಕ್ಕೆ ಹೆಚ್ಚೆಂದರೆ 1,000 ರೂಪಾಯಿ. ಎರಡು ವರ್ಗಗಳ ನಡುವೆ ಇಮ್ಮಡಿಗೂ ಮಿಗಿಲಾದ ಅಂತರವಿರುವುದನ್ನು ಗಮನಿಸತಕ್ಕದ್ದು.

ಇದಾದ ಮೇಲೆ ಇನ್ನೂ ದೊಡ್ಡ ಹೆಜ್ಜೆಯನ್ನಿಡಲಾಯಿತು. 2019ರಲ್ಲಿ ಸಂಸತ್ತು ಹಣಕಾಸು ಕಾಯಿದೆಯ ಮೂಲಕ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯಿದೆಗೆ 10ಎ ಎಂಬ ಕಲಮನ್ನು ಸೇರಿಸಿತು. ಅದರಂತೆ 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡು, ಯು.ಪಿ.ಐ. ಮತ್ತು ಯು.ಪಿ.ಐ. ಕ್ಯೂ.ಆರ್. ಸಂಕೇತ ಇವುಗಳ ಮೂಲಕ ಬಂದ ಹಣಕ್ಕೆ ವರ್ತಕನಿಂದ ಶುಲ್ಕವನ್ನೇ ಪಡೆಯಕೂಡದು. ಇಲ್ಲಿ ಸಣ್ಣವನು ದೊಡ್ಡವನು ಎಂಬ ಭೇದವಿಲ್ಲ. ಕೆಲವು ಬ್ಯಾಂಕುಗಳು ಆ ಬಳಿಕವೂ ಶುಲ್ಕ ವಸೂಲು ಮಾಡುತ್ತಿದ್ದುದರಿಂದ, 2020ರ ಆಗಸ್ಟ್ 30ರಂದು ಕೇಂದ್ರ ನೇರ ತೆರಿಗೆಗಳ ಮಂಡಲಿಯು ಸುತ್ತೋಲೆ ಹೊರಡಿಸಿ, ಜನವರಿ 1ರಿಂದ ಹೀಗೆ ಪಡೆದುದನ್ನು ಕೂಡಲೇ ಹಿಂದಿರುಗಿಸುವಂತೆ ತಿಳಿಸಬೇಕಾಯಿತು. ಕಾನೂನು ಬಂದ ಮೇಲೂ ಲೆಕ್ಕಪಟ್ಟಿಯನ್ನು ಓದುವ ಅಗತ್ಯ ತಪ್ಪುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ವರ್ತಕನು ಶುಲ್ಕ ಕೊಡದಿದ್ದರೂ ವ್ಯವಸ್ಥೆಯನ್ನು ನಡೆಸುವುದಕ್ಕೆ ವೆಚ್ಚವಂತೂ ಉಂಟು. ಅದರ ಒಂದಂಶವನ್ನು ಕೇಂದ್ರ ಸರ್ಕಾರವು ಪ್ರೋತ್ಸಾಹ ಧನದ ರೂಪದಲ್ಲಿ ಭರಿಸುತ್ತಾ ಬಂದಿದೆ. ಉದಾಹರಣೆಗೆ 2024-25ರ ಸಾಲಿಗಾಗಿ 1,500 ಕೋಟಿ ರೂಪಾಯಿಯ ಯೋಜನೆಗೆ ಸಚಿವ ಸಂಪುಟವು 2025ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿತು. ಸಣ್ಣ ವರ್ತಕರಿಗೆ ಭೀಮ್-ಯು.ಪಿ.ಐ. ಮೂಲಕ ಸಂದ 2,000 ರೂಪಾಯಿಯವರೆಗಿನ ಪಾವತಿಗಳಿಗೆ ಶೇಕಡಾ 0.15ರಂತೆ ಈ ಧನವು ಬ್ಯಾಂಕುಗಳಿಗೂ ಪಾವತಿ ಸಂಸ್ಥೆಗಳಿಗೂ ಹೋಗುವಂತಹುದು. ವರ್ತಕನಿಗೆ ನೇರವಾಗಿ ಬರತಕ್ಕದ್ದಲ್ಲ. ಈ ನೆರವು ತಮಗೆ ಸಾಲದೆಂದು ಪಾವತಿ ಸಂಸ್ಥೆಗಳು ಹೇಳುತ್ತಲೇ ಇವೆ. ದೊಡ್ಡ ಮೊತ್ತದ ಯು.ಪಿ.ಐ. ಪಾವತಿಗೆ ಶುಲ್ಕ ಬರಲಿದೆಯೆಂಬ ಸುದ್ದಿ 2025ರ ಜೂನ್‌ನಲ್ಲಿ ಹಬ್ಬಿದಾಗ ಹಣಕಾಸು ಸಚಿವಾಲಯವು ಅದನ್ನು ಸುಳ್ಳೆಂದು ಪ್ರಕಟಿಸಿತು.

ನಿಮ್ಮ ಅಂಗಡಿ ಯಾವ ಪಟ್ಟಿಯಲ್ಲಿದೆ?

ಶೇಕಡಾ 0.40ರ ದರವು ದೊರೆಯಬೇಕಾದರೆ ಬ್ಯಾಂಕಿನ ದಾಖಲೆಯಲ್ಲಿ ನೀವು ಸಣ್ಣ ವರ್ತಕರೆಂದು ನಮೂದಾಗಿರಬೇಕು. ಯಂತ್ರಕ್ಕಾಗಿ ಅರ್ಜಿ ಹಾಕಿದ ದಿನ ಬ್ಯಾಂಕಿನ ಪ್ರತಿನಿಧಿಯು ಆತುರದಲ್ಲಿ ತುಂಬಿದ ಹಾಳೆಯಲ್ಲಿ ವಾರ್ಷಿಕ ವಹಿವಾಟು ಎಂಬ ಸಾಲೊಂದು ಇದ್ದಿರಲೇಬೇಕು. ಅಂಗಡಿ ಬೆಳೆಯಲಿ ಎಂಬ ಆಸೆಯಿಂದ ಅಲ್ಲಿ ಮೂವತ್ತು ಲಕ್ಷ, ಐವತ್ತು ಲಕ್ಷ ಎಂದು ಬರೆಸಿದವರುಂಟು. ಸಾಲ ಕೇಳುವಾಗ ಅನುಕೂಲವಾದೀತೆಂದು ಹೆಚ್ಚಿಸಿ ಹೇಳಿದವರೂ ಉಂಟು. ಬರೆದುದು ಬ್ಯಾಂಕಿನಲ್ಲಿ ಹಾಗೆಯೇ ಉಳಿಯುತ್ತದೆ. ವ್ಯಾಪಾರ ಕುಗ್ಗಿ ಹದಿನೈದು ಲಕ್ಷಕ್ಕೆ ಇಳಿದಾಗಲೂ ದೊಡ್ಡ ವರ್ತಕನ ದರವೇ ಮುಂದುವರಿಯುತ್ತದೆ. ಮಿತಿಯು ಹಿಂದಿನ ವರ್ಷದ ವಹಿವಾಟನ್ನು ಅವಲಂಬಿಸಿರುವುದರಿಂದ ಪ್ರತಿ ಏಪ್ರಿಲ್ ತಿಂಗಳಿನಲ್ಲಿ ಇದನ್ನು ಪರಿಶೀಲಿಸುವುದು ಒಳ್ಳೆಯದು. ಆದಾಯ ತೆರಿಗೆಯ ವಿವರಣ ಪತ್ರ ಅಥವಾ ಸರಕು ಮತ್ತು ಸೇವಾ ತೆರಿಗೆಯ ವಿವರಣ ಪತ್ರದ ನಕಲನ್ನು ಲಗತ್ತಿಸಿ, ತಮ್ಮನ್ನು ಸಣ್ಣ ವರ್ತಕರ ವರ್ಗಕ್ಕೆ ಸೇರಿಸುವಂತೆ ಲಿಖಿತವಾಗಿ ಕೋರಬೇಕು. ವಹಿವಾಟು ನಿಜವಾಗಿಯೂ 20 ಲಕ್ಷವನ್ನು ದಾಟಿದ್ದರೆ ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಯಂತ್ರದ ಲೆಕ್ಕವೇ ಅದನ್ನು ಹೇಳಿಬಿಡುತ್ತದೆ.

ವಹಿವಾಟಿನಂತೆಯೇ ವ್ಯಾಪಾರದ ಬಗೆಗೂ ಒಂದು ಸಂಖ್ಯೆಯನ್ನು ಬ್ಯಾಂಕು ನಮೂದಿಸುತ್ತದೆ. ದಿನಸಿ, ಔಷಧಿ, ಶಿಕ್ಷಣ, ಚಿನ್ನಬೆಳ್ಳಿ ಹೀಗೆ ಒಂದೊಂದಕ್ಕೂ ಬೇರೆ ಸಂಖ್ಯೆ. ಕ್ರೆಡಿಟ್ ಕಾರ್ಡಿನಲ್ಲಿ ಕಾರ್ಡು ಕೊಟ್ಟ ಬ್ಯಾಂಕಿನ ಪಾಲು ಈ ಸಂಖ್ಯೆಯನ್ನು ಅನುಸರಿಸಿ ಬದಲಾಗುವುದರಿಂದ, ಪುಸ್ತಕದ ಅಂಗಡಿಯನ್ನು ಉಡುಗೊರೆ ವಸ್ತುಗಳ ಅಂಗಡಿಯೆಂದು ಬರೆದಿದ್ದರೆ ತಿದ್ದಿಸಿಕೊಳ್ಳಬೇಕು.

ಶುಲ್ಕದ ಮೇಲಣ ತೆರಿಗೆ

ಬ್ಯಾಂಕಿನ ಶುಲ್ಕವು ಒಂದು ಸೇವೆಗೆ ತೆತ್ತ ಬೆಲೆ. ಆದುದರಿಂದ ಅದರ ಮೇಲೆ ಶೇಕಡಾ 18ರಂತೆ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ., ಬೀಳುತ್ತದೆ. ತೆರಿಗೆಯು ಬೀಳುವುದು ಶುಲ್ಕದ ಮೇಲೆ ಮಾತ್ರ, ಮಾರಾಟದ ಮೊತ್ತದ ಮೇಲಲ್ಲ. 5,000 ರೂಪಾಯಿಯ ಕ್ರೆಡಿಟ್ ಕಾರ್ಡಿನ ಬಿಲ್ಲಿಗೆ ಶೇಕಡಾ 2ರಂತೆ 100 ರೂಪಾಯಿ ಶುಲ್ಕವಾದರೆ ತೆರಿಗೆ 18 ರೂಪಾಯಿ.

ಬಹುಮಂದಿಗೆ ತಿಳಿಯದ ಒಂದು ವಿನಾಯಿತಿ ಇಲ್ಲಿದೆ. 2017ರ ಜೂನ್ 28ರ ಅಧಿಸೂಚನೆಯ ಪ್ರಕಾರ, ಕ್ರೆಡಿಟ್, ಡೆಬಿಟ್ ಅಥವಾ ಇತರ ಪಾವತಿ ಕಾರ್ಡಿನ ಮೂಲಕ ನಡೆದ ಒಂದೊಂದು ವ್ಯವಹಾರವೂ 2,000 ರೂಪಾಯಿಯನ್ನು ಮೀರದಿದ್ದರೆ, ಅದರ ಹಣವನ್ನು ವರ್ತಕನಿಗೆ ಇತ್ಯರ್ಥಪಡಿಸುವ ಬ್ಯಾಂಕಿನ ಸೇವೆಗೆ ಈ ತೆರಿಗೆಯಿಲ್ಲ. ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಟ್ಟ ಪಾವತಿ ಸಂಗ್ರಾಹಕ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆಂದು 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿ.ಎಸ್.ಟಿ. ಮಂಡಲಿಯ 55ನೆಯ ಸಭೆಯು ಸ್ಪಷ್ಟಪಡಿಸಿತು. ಹಣವನ್ನು ಇತ್ಯರ್ಥಪಡಿಸದೆ ಕೇವಲ ತಾಂತ್ರಿಕ ಸೌಲಭ್ಯ ಒದಗಿಸುವ ಪೇಮೆಂಟ್ ಗೇಟ್‌ವೇಗಳಿಗೆ ವಿನಾಯಿತಿಯಿಲ್ಲ. ಯಂತ್ರದ ಬಾಡಿಗೆಗೂ ಇಲ್ಲ. ಉಪಾಹಾರ ಗೃಹದಲ್ಲೋ ದಿನಸಿ ಅಂಗಡಿಯಲ್ಲೋ ಹೆಚ್ಚಿನ ಬಿಲ್ಲುಗಳು 2,000 ರೂಪಾಯಿಯ ಒಳಗೇ ಇರುತ್ತವೆ. ಹಾಗಿದ್ದೂ ಲೆಕ್ಕಪಟ್ಟಿಯಲ್ಲಿ ಎಲ್ಲ ಶುಲ್ಕಕ್ಕೂ ಒಟ್ಟಾಗಿ ಶೇಕಡಾ 18 ಸೇರಿಸಿದ್ದರೆ ಕೇಳಬೇಕಾದ ಪ್ರಶ್ನೆಯಿದೆ ಎಂದರ್ಥ.

ಈ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದಲ್ಲವೆ ಎಂದು ಕೇಳಬಹುದು. ಸಾಮಾನ್ಯ ಕ್ರಮದಲ್ಲಿ ನೋಂದಣಿ ಮಾಡಿಸಿದ ವರ್ತಕನು ಪಡೆಯಬಹುದು. ಅದಕ್ಕೆ ಬ್ಯಾಂಕಿನ ಬಳಿ ಆತನ ನೋಂದಣಿ ಸಂಖ್ಯೆ ದಾಖಲಾಗಿರಬೇಕು. ಕಾಂಪೋಸಿಷನ್ ಪದ್ಧತಿಯನ್ನು ಆರಿಸಿಕೊಂಡವನಿಗೆ ಈ ಸೌಲಭ್ಯವಿಲ್ಲ. ಶೇಕಡಾ 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲುಗಳಿಗೂ ಇಲ್ಲ. ಮುಂಬಯಿಯ ಉಡುಪಿ ಹೋಟೆಲಿನ ಮಾಲೀಕನಿಗೆ ಶುಲ್ಕದ ಮೇಲಣ ತೆರಿಗೆಯು ಪೂರ್ತಿಯಾಗಿ ಕೈಬಿಟ್ಟ ಹಣವೇ. ಆದುದರಿಂದ ಮೇಲಿನ ವಿನಾಯಿತಿ ಆತನಿಗೆ ಇತರರಿಗಿಂತ ಹೆಚ್ಚು ಮುಖ್ಯ.

ಲೆಕ್ಕಪಟ್ಟಿಯನ್ನು ಓದುವ ಕ್ರಮ

ಈಗ ಒಂದು ಕಾಲ್ಪನಿಕ ಅಂಗಡಿಯನ್ನು ತೆಗೆದುಕೊಳ್ಳೋಣ. ಪುಣೆಯಲ್ಲಿ ಸಾರಿನಪುಡಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾರುವ ಅಂಗಡಿ. ವರ್ಷದ ವಹಿವಾಟು 18 ಲಕ್ಷ, ತಿಂಗಳಿಗೆ 1,50,000 ರೂಪಾಯಿ. ಇದರಲ್ಲಿ ನಗದು 40,000, ಯು.ಪಿ.ಐ. 60,000, ರುಪೇ ಡೆಬಿಟ್ ಕಾರ್ಡು 5,000, ಇತರ ಡೆಬಿಟ್ ಕಾರ್ಡುಗಳು 20,000, ಕ್ರೆಡಿಟ್ ಕಾರ್ಡು 25,000. ಕಾರ್ಡಿನ ಬಿಲ್ಲುಗಳೆಲ್ಲವೂ 2,000 ರೂಪಾಯಿಯ ಒಳಗಿನವು. ಯಂತ್ರಕ್ಕೆ ತಿಂಗಳಿಗೆ 400 ರೂಪಾಯಿ ಬಾಡಿಗೆ.

ಈ ವರ್ತಕನು ದೊಡ್ಡವನೆಂದು ದಾಖಲಾಗಿದ್ದಾನೆಂದೂ ರುಪೇ ಕಾರ್ಡನ್ನು ಬ್ಯಾಂಕು ಪ್ರತ್ಯೇಕಿಸಿಲ್ಲವೆಂದೂ ಇಟ್ಟುಕೊಳ್ಳೋಣ. ಇತರ ಡೆಬಿಟ್ ಕಾರ್ಡಿಗೆ ಶೇಕಡಾ 0.90ರಂತೆ 180 ರೂಪಾಯಿ, ರುಪೇಗೂ ಅದೇ ದರದಲ್ಲಿ 45, ಕ್ರೆಡಿಟ್ ಕಾರ್ಡಿಗೆ ಶೇಕಡಾ 2ರಂತೆ 500, ಬಾಡಿಗೆ 400, ಒಟ್ಟು 1,125. ಇಷ್ಟರ ಮೇಲೂ ಶೇಕಡಾ 18ರ ತೆರಿಗೆ 202 ರೂಪಾಯಿ 50 ಪೈಸೆ. ತಿಂಗಳಿಗೆ ಹೋದದ್ದು 1,327 ರೂಪಾಯಿ 50 ಪೈಸೆ. ನೂರಕ್ಕೆ ಎಂಟರಂತೆ ಆತನ ಲಾಭವು 12,000 ರೂಪಾಯಿ. ಅದರಲ್ಲಿ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಹೀಗೆ ಸೋರಿಹೋಯಿತು.

ನಿಯಮದಂತೆ ಎಷ್ಟಾಗಬೇಕಿತ್ತು? ಇತರ ಡೆಬಿಟ್ ಕಾರ್ಡಿಗೆ ಶೇಕಡಾ 0.40ರಂತೆ 80 ರೂಪಾಯಿ. ರುಪೇ ಡೆಬಿಟ್ ಕಾರ್ಡಿಗೆ ಸೊನ್ನೆ. ಕ್ರೆಡಿಟ್ ಕಾರ್ಡಿಗೆ ಅದೇ 500. ಶುಲ್ಕದ ಮೇಲೆ ತೆರಿಗೆಯಿಲ್ಲ; ಬಾಡಿಗೆ 400 ಮತ್ತು ಅದರ ಮೇಲಣ ತೆರಿಗೆ 72. ಒಟ್ಟು 1,052 ರೂಪಾಯಿ. ವರ್ತಕನು ತನ್ನ ವ್ಯಾಪಾರದ ರೀತಿಯನ್ನು ಎಳ್ಳಷ್ಟೂ ಬದಲಿಸದೆ, ಬ್ಯಾಂಕಿಗೆ ಒಂದು ಪತ್ರ ಬರೆದ ಮಾತ್ರಕ್ಕೆ ತಿಂಗಳಿಗೆ 275 ರೂಪಾಯಿ 50 ಪೈಸೆ ಉಳಿಯುತ್ತದೆ.

ಇನ್ನೊಂದು ಅಂಶವನ್ನು ಈ ಲೆಕ್ಕ ಹೊರಗೆಡಹುತ್ತದೆ. ತೆರಿಗೆಯೂ ಸೇರಿ 472 ರೂಪಾಯಿಯಾಗುವ ಬಾಡಿಗೆಯನ್ನು 50,000 ರೂಪಾಯಿಯ ಕಾರ್ಡಿನ ವ್ಯಾಪಾರಕ್ಕೆ ಹಂಚಿದರೆ ಶೇಕಡಾ 0.94 ಆಗುತ್ತದೆ. ಡೆಬಿಟ್ ಕಾರ್ಡಿಗೆ ಕಾನೂನು ನಿಗದಿಪಡಿಸಿದ ಶುಲ್ಕದ ಇಮ್ಮಡಿಗಿಂತ ಇದು ಹೆಚ್ಚು. ಸಣ್ಣ ಅಂಗಡಿಯಲ್ಲಿ ಶೇಕಡಾವಾರು ದರಕ್ಕಿಂತ ಬಾಡಿಗೆಯೇ ಭಾರವಾದುದು, ದರದ ಬಗ್ಗೆ ಮಾತ್ರ ಚೌಕಾಸಿ ಮಾಡುವವರು ಇದನ್ನು ಮರೆಯುತ್ತಾರೆ. ಯಂತ್ರವನ್ನು ಬಿಟ್ಟು, ಮೊಬೈಲ್ ಫೋನನ್ನೇ ಕಾರ್ಡು ತಾಗಿಸುವ ಸಾಧನವಾಗಿ ಬಳಸುವ ಸೌಲಭ್ಯವನ್ನು ಬಾಡಿಗೆಯಿಲ್ಲದೆ ಪಡೆಯಲು ಸಾಧ್ಯವಾದರೆ, ನಮ್ಮ ವರ್ತಕನ ತಿಂಗಳ ವೆಚ್ಚ 580 ರೂಪಾಯಿಗೆ ಇಳಿಯುತ್ತದೆ. ವರ್ಷಕ್ಕೆ 8,970 ರೂಪಾಯಿಯ ಉಳಿತಾಯ.

ಲೆಕ್ಕಪಟ್ಟಿಯಲ್ಲಿ ಇನ್ನೂ ಕೆಲವು ಸಾಲುಗಳಿರಬಹುದು. ನಿಗದಿತ ಮೊತ್ತದ ವ್ಯಾಪಾರ ಆಗದಿದ್ದರೆ ವಿಧಿಸುವ ದಂಡ, ಅದೇ ದಿನ ಹಣ ಜಮೆ ಮಾಡಿದುದಕ್ಕೆ ಹೆಚ್ಚುವರಿ ಶುಲ್ಕ, ಕಾಗದದ ಸುರುಳಿಯ ಬೆಲೆ, ಕರಾರಿನ ಅವಧಿಗೆ ಮುಂಚೆ ಯಂತ್ರ ಹಿಂದಿರುಗಿಸಿದರೆ ತೆರಬೇಕಾದ ಮೊತ್ತ ಮೊದಲಾದವು. ಇವಕ್ಕೆ ರಿಸರ್ವ್ ಬ್ಯಾಂಕಿನ ಮಿತಿಯ ರಕ್ಷಣೆಯಿಲ್ಲ. ಸಹಿ ಹಾಕುವ ಮುನ್ನ ಕೇಳುವುದೊಂದೇ ದಾರಿ. ಮಾರನೆಯ ದಿನ ಹಣ ಬಂದರೆ ಸಾಕಾಗುವ ಅಂಗಡಿಯವನು ಅದೇ ದಿನದ ಜಮೆಗೆ ಹಣ ತೆರುವುದು ವ್ಯರ್ಥ. ಗ್ರಾಹಕನು ಸರಕನ್ನು ಹಿಂದಿರುಗಿಸಿದಾಗಲೂ ಎಚ್ಚರ ಬೇಕು. ದಿನದ ಲೆಕ್ಕ ಮುಗಿಯುವ ಮುನ್ನವೇ ಯಂತ್ರದಲ್ಲಿ ವ್ಯವಹಾರವನ್ನು ರದ್ದುಪಡಿಸಿದರೆ ಸಾಮಾನ್ಯವಾಗಿ ಶುಲ್ಕ ಬೀಳುವುದಿಲ್ಲ. ಮಾರನೆಯ ದಿನ ಮರುಪಾವತಿ ಮಾಡಿದರೆ ಮೊದಲು ಮುರಿದುಕೊಂಡ ಶುಲ್ಕವು ಹಿಂದಕ್ಕೆ ಬಾರದಿರಬಹುದು.

ಗ್ರಾಹಕನನ್ನು ಯು.ಪಿ.ಐ. ಕಡೆಗೆ ತಿರುಗಿಸುವುದು

ನಮ್ಮ ಉದಾಹರಣೆಯಲ್ಲಿ ಉಳಿದ 580 ರೂಪಾಯಿಯಲ್ಲಿ 500 ಕ್ರೆಡಿಟ್ ಕಾರ್ಡಿನದು. ಇದನ್ನು ತಗ್ಗಿಸಲು ಗ್ರಾಹಕನ ಸಹಕಾರ ಬೇಕು. ಕ್ಯೂ.ಆರ್. ಫಲಕವನ್ನು ಗ್ರಾಹಕನ ಕಣ್ಣಿಗೆ ಎದುರಾಗಿ ಇರಿಸಿ ಯಂತ್ರವನ್ನು ಕೈಗೆಟಕುವಂತೆ ಒಳಬದಿಗೆ ಇಟ್ಟರೆ, ಸಣ್ಣ ಬಿಲ್ಲುಗಳಲ್ಲಿ ಬಹುಪಾಲು ತಾನಾಗಿಯೇ ಯು.ಪಿ.ಐ. ಕಡೆಗೆ ಹೊರಳುತ್ತದೆ. ಮಾತಿಗಿಂತ ಫಲಕದ ಜಾಗವೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆಂಬುದು ಗಲ್ಲಾದ ಮೇಲೆ ಕುಳಿತವರೆಲ್ಲ ಬಲ್ಲ ವಿಷಯ.

ರುಪೇ ಕ್ರೆಡಿಟ್ ಕಾರ್ಡನ್ನು ಯು.ಪಿ.ಐ.ಗೆ ಜೋಡಿಸುವ ಸೌಲಭ್ಯವು 2022ರಲ್ಲಿ ಬಂದಿತು. ಸಣ್ಣ ವರ್ತಕರೆಂದು ದಾಖಲಾದವರಿಗೆ ಈ ಮಾರ್ಗದಲ್ಲಿ ಬಂದ 2,000 ರೂಪಾಯಿಯವರೆಗಿನ ಪಾವತಿಗೆ ಶುಲ್ಕವಿಲ್ಲ. ಅದೇ ಕಾರ್ಡನ್ನು ಯಂತ್ರಕ್ಕೆ ತೂರಿಸಿದರೆ ಶುಲ್ಕವುಂಟು! ಆದುದರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಹಿಡಿದು ಬಂದವರಿಗೆ ಕ್ಯೂ.ಆರ್. ಮೂಲಕ ಕೊಡಲಾಗುವುದೇ ಎಂದು ವಿನಯದಿಂದ ಕೇಳಬಹುದು. ಆದರೆ ಇದಕ್ಕೆ ವರ್ತಕರ ಖಾತೆಯ ಕ್ಯೂ.ಆರ್. ಸಂಕೇತವೇ ಬೇಕು, ಮನೆಯವರ ಸ್ವಂತ ಖಾತೆಯ ಸಂಕೇತವನ್ನು ಅಂಗಡಿಯಲ್ಲಿ ಅಂಟಿಸಿದ್ದರೆ ಕ್ರೆಡಿಟ್ ಕಾರ್ಡಿನ ಹಣ ಅದರಲ್ಲಿ ಬರುವುದಿಲ್ಲ. ಯು.ಪಿ.ಐ. ಎಂದ ಮಾತ್ರಕ್ಕೆ ಎಲ್ಲವೂ ಉಚಿತವೆಂದೂ ತಿಳಿಯಬಾರದು. ಗ್ರಾಹಕನು ತನ್ನ ಬ್ಯಾಂಕ್ ಖಾತೆಯ ಬದಲು ಮೊದಲೇ ಹಣ ತುಂಬಿಟ್ಟ ವಾಲೆಟ್ಟಿನಿಂದ 2,000 ರೂಪಾಯಿಗೆ ಮೇಲ್ಪಟ್ಟು ಕೊಟ್ಟರೆ, 2023ರ ಏಪ್ರಿಲ್ 1ರಿಂದ ಅದಕ್ಕೆ ಬ್ಯಾಂಕುಗಳ ನಡುವಣ ಶುಲ್ಕವನ್ನು ಗೊತ್ತುಪಡಿಸಲಾಗಿದೆ. ಅದು ವ್ಯಾಪಾರದ ಬಗೆಯನ್ನು ಅನುಸರಿಸಿ ಶೇಕಡಾ 1.1ರವರೆಗೆ ಇರಬಹುದು.

ಕೆಲವು ಅಂಗಡಿಗಳಲ್ಲಿ "ಕಾರ್ಡಿಗೆ ಶೇಕಡಾ 2 ಹೆಚ್ಚು" ಎಂಬ ಬರಹ ಕಾಣುತ್ತದೆ. ಇದು ಸರಿಯಾದ ದಾರಿಯಲ್ಲ. ಡೆಬಿಟ್ ಕಾರ್ಡಿನ ಶುಲ್ಕವನ್ನು ವರ್ತಕರು ಗ್ರಾಹಕರ ಮೇಲೆ ಹೊರಿಸದಂತೆ ಬ್ಯಾಂಕುಗಳು ನೋಡಿಕೊಳ್ಳಬೇಕೆಂದು 2017ರ ಸುತ್ತೋಲೆಯಲ್ಲಿಯೇ ಹೇಳಿದೆ. ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ಬ್ಯಾಂಕಿನೊಡನೆ ಮಾಡಿಕೊಂಡ ಒಪ್ಪಂದವೇ ಸಾಮಾನ್ಯವಾಗಿ ಇದನ್ನು ನಿಷೇಧಿಸಿರುತ್ತದೆ. ಗ್ರಾಹಕನೊಬ್ಬನು ದೂರು ಕೊಟ್ಟರೆ ಯಂತ್ರವನ್ನೇ ಕಳೆದುಕೊಳ್ಳುವ ಸಂಭವವುಂಟು.

ಯು.ಪಿ.ಐ. ಪಾವತಿಯು ಲೆಕ್ಕಕ್ಕೆ ಸಿಕ್ಕಿ ತೆರಿಗೆಯ ತೊಂದರೆ ತಂದೀತೆಂಬ ಅಂಜಿಕೆ ಕೆಲವರಲ್ಲಿದೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಜಮೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ನೀಡಿದಾಗ, ಬೆಂಗಳೂರಿನ ಹಲವು ಅಂಗಡಿಗಳು ಕ್ಯೂ.ಆರ್. ಫಲಕವನ್ನು ತೆಗೆದು ನಗದು ಮಾತ್ರವೆಂದು ಬರೆದು ಹಾಕಿದವು. ಆದರೆ ನೋಂದಣಿಯ ಹೊಣೆ ಹುಟ್ಟುವುದು ವಹಿವಾಟಿನಿಂದ. ಹಣ ಬಂದ ಮಾರ್ಗದಿಂದಲ್ಲ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ಈ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ. ಬೇರೆ ರಾಜ್ಯಗಳಲ್ಲಿರುವವರು ತಮ್ಮ ರಾಜ್ಯದ ಮಿತಿಯನ್ನು ಕೇಳಿ ತಿಳಿಯಬೇಕು. ಆದಾಯ ತೆರಿಗೆಯಲ್ಲಾದರೋ ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಅನುಕೂಲವೇ ಇದೆ. ಅಂದಾಜು ಲಾಭದ ಪದ್ಧತಿಯನ್ನು ಆರಿಸಿಕೊಂಡ ಸಣ್ಣ ವ್ಯಾಪಾರಿಯ ನಗದು ಮಾರಾಟದ ಶೇಕಡಾ 8ನ್ನು ಲಾಭವೆಂದು ಎಣಿಸಿದರೆ, ಬ್ಯಾಂಕಿನ ಮೂಲಕ ಬಂದುದರಲ್ಲಿ ಶೇಕಡಾ 6ನ್ನು ಮಾತ್ರ ಎಣಿಸಲಾಗುತ್ತದೆ.

ತಪ್ಪಾಗಿದ್ದರೆ ಏನು ಮಾಡಬೇಕು?

ಮೊದಲು ಬ್ಯಾಂಕಿನಿಂದ ಕಳೆದ ಮೂರು ತಿಂಗಳ ಲೆಕ್ಕಪಟ್ಟಿಯನ್ನು ಪಡೆಯಬೇಕು. ಅದರಲ್ಲಿ ಡೆಬಿಟ್, ರುಪೇ ಡೆಬಿಟ್, ಕ್ರೆಡಿಟ್ ಎಂದು ಬೇರೆ ಬೇರೆಯಾಗಿ ದರಗಳನ್ನು ತೋರಿಸಿರಬೇಕು. ಎಲ್ಲವನ್ನೂ ಕೂಡಿಸಿ ಒಂದೇ ಸರಾಸರಿ ದರದಲ್ಲಿ ಮುರಿದುಕೊಂಡಿದ್ದರೆ ಪ್ರತ್ಯೇಕಿಸಿ ಕೊಡುವಂತೆ ಬರೆಯಬೇಕು. ದೂರವಾಣಿಯಲ್ಲಿ ಕೇಳಿದ ಮಾತಿಗೆ ದಾಖಲೆಯಿರುವುದಿಲ್ಲ. ಪತ್ರ ಅಥವಾ ಮಿಂಚಂಚೆಯಲ್ಲಿ ಬರೆದು, ದೂರಿನ ಸಂಖ್ಯೆಯನ್ನು ಪಡೆದುಕೊಳ್ಳುವುದು ಕ್ಷೇಮ. ಪತ್ರದಲ್ಲಿ ಅಂಗಡಿಯ ಹೆಸರು, ಬ್ಯಾಂಕು ಕೊಟ್ಟ ವರ್ತಕ ಸಂಖ್ಯೆ, ಯಾವ ತಿಂಗಳಿನಲ್ಲಿ ಎಷ್ಟು ಹೆಚ್ಚಾಗಿ ಮುರಿದುಕೊಳ್ಳಲಾಗಿದೆ, ಯಾವ ನಿಯಮದಂತೆ ಎಷ್ಟಿರಬೇಕಿತ್ತು, ಎಷ್ಟು ಹಣ ಹಿಂದಿರುಗಬೇಕು ಎಂಬ ವಿವರಗಳಿದ್ದರೆ ಸಾಕು. ದೀರ್ಘವಾದ ದೂಷಣೆಯಿಂದ ಕೆಲಸ ನಿಧಾನವಾಗುತ್ತದೆಯೇ ಹೊರತು ಬೇಗ ಆಗುವುದಿಲ್ಲ.

ಬ್ಯಾಂಕು 30 ದಿನಗಳೊಳಗೆ ಉತ್ತರಿಸದಿದ್ದರೆ, ಅಥವಾ ಅದರ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬೇರೆ ಬೇರೆಯಾಗಿದ್ದ ದೂರು ವ್ಯವಸ್ಥೆಗಳನ್ನು 2021ರ ನವೆಂಬರ್‌ನಲ್ಲಿ ಒಂದುಗೂಡಿಸಿದಂದಿನಿಂದ, ದೇಶದ ಯಾವ ಊರಿನಲ್ಲಿದ್ದರೂ ಒಂದೇ ಕಡೆಗೆ ದೂರು ಕಳುಹಿಸಿದರೆ ಸಾಕು. ಮಾಹಿತಿಗಾಗಿ ರಿಸರ್ವ್ ಬ್ಯಾಂಕಿನ 14448 ಎಂಬ ಉಚಿತ ದೂರವಾಣಿ ಸಂಖ್ಯೆಯಿದೆ. ಚೆನ್ನೈಯಲ್ಲೋ ದೆಹಲಿಯಲ್ಲೋ ಇದ್ದು ಸ್ಥಳೀಯ ಶಾಖೆಯಲ್ಲಿ ಭಾಷೆಯ ತೊಡಕನ್ನು ಅನುಭವಿಸುವವರು ಒಂದು ಸಂಗತಿಯನ್ನು ನೆನಪಿಡಬೇಕು: ಈ ಸಂಖ್ಯೆಯಲ್ಲಿ ನೆರವು ದೊರೆಯುವ ಪ್ರಾದೇಶಿಕ ಭಾಷೆಗಳಲ್ಲಿ ಕನ್ನಡವೂ ಒಂದು. ಕರೆ ಮಾಡುವಾಗ ಬ್ಯಾಂಕಿಗೆ ಕೊಟ್ಟ ದೂರಿನ ನಕಲು, ಅದರ ದಿನಾಂಕ ಮತ್ತು ಸಂಖ್ಯೆ, ಆ ತಿಂಗಳ ಲೆಕ್ಕಪಟ್ಟಿ ಇವಿಷ್ಟನ್ನೂ ಮುಂದಿಟ್ಟುಕೊಂಡು ಕುಳಿತಿರಬೇಕು.